ಸೈಕಲ್ ರಿಪೇರಿ – ಓದುಗರ ಪ್ರಶ್ನೆಗಳು: ಹಳೆಯ ಗೇರ್ ಲಿವರ್, ಕಳೆದುಹೋದ ಭಾಗಗಳು

ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳಿಂದ ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ತೊಂದರೆಯವು. ಸೈಕಲ್ ಗಟ್ಟಿಯಾಗಿದೆ, ಗೇರ್ ಬದಲಿಸುವ ಲಿವರಿನಲ್ಲಿ ಏನೋ ಒಂದು ಇಲ್ಲ. ಅಂಗಡಿಗೆ ಹೋದರೆ ‘ಇದರ ಸಾಮಾನು ಈಗ ಬರಲ್ಲ, ಗೇರೇ ತೆಗೆಸಿಬಿಡಿ’ ಎನ್ನುತ್ತಾರೆ. ತೆಗೆಸುವ ಮೊದಲು ಕಳೆದಿರುವ ಭಾಗ ಅಲ್ಲಿ ಯಾವ ಕೆಲಸ ಮಾಡುತ್ತಿತ್ತು ಎಂದು ನೋಡಿಕೊಳ್ಳಿ. ಒತ್ತಿ ಹಿಡಿಯುವ, ತಡೆಯುವ ಅಥವಾ ಮುಚ್ಚುವ ಭಾಗವಾಗಿದ್ದರೆ ಊರಿನಲ್ಲೇ ಮಾಡಿಕೊಳ್ಳಬಹುದು. ಕ್ಲಿಕ್ ಕೊಡುವ, ಅಳತೆಯ ಹಲ್ಲುಗಳಿರುವ ಭಾಗವಾಗಿದ್ದರೆ ಅದನ್ನು ಮಾಡಲು ಹೋಗಬೇಡಿ, ಲಿವರನ್ನೇ ಬದಲಿಸಿ.

ಪ್ರಶ್ನೆ: ತಂದೆಯವರ ಕಾಲದ ಒಂದು ರೇಸಿಂಗ್ ಮಾದರಿಯ ಸೈಕಲ್ ಇದೆ. ಗೇರ್ ಲಿವರ್‌ಗಳು ಹ್ಯಾಂಡಲ್ ಮೇಲಿಲ್ಲ. ಫ್ರೇಮಿನ ಕೆಳಗಿನ ಓರೆ ಪೈಪಿನ ಎರಡೂ ಬದಿಗೆ ಒಂದೊಂದಿವೆ. ಹಿಂದೆ ಐದು ಸ್ಪ್ರಾಕೆಟ್ (ಚೈನು ಕೂರುವ ಹಲ್ಲಿನ ಚಕ್ರ). ಬಲಗಡೆಯ ಲಿವರನ್ನು ಎಷ್ಟು ಬಿಗಿ ಮಾಡಿದರೂ ನಾಲ್ಕೈದು ಸಲ ಗೇರ್ ಬದಲಿಸುವಷ್ಟರಲ್ಲಿ ಸಡಿಲವಾಗಿ, ಚೈನು ತಾನಾಗಿಯೇ ಸಣ್ಣ ಸ್ಪ್ರಾಕೆಟ್‌ಗೆ ಜಾರುತ್ತದೆ. ಎಡಗಡೆಯದು ಸರಿ ಇದೆ. ಹಿಂದೊಮ್ಮೆ ಬಿಚ್ಚಿದಾಗ ಒಂದೆರಡು ವಾಷರ್ ಕಳೆದವು. ಈಗ ಮಾಮೂಲಿ ಕಬ್ಬಿಣದ ವಾಷರ್ ಹಾಕಿದೆ. ಒಟ್ಟು ಎಷ್ಟು ವಾಷರ್ ಇರಬೇಕು, ಎಲ್ಲಿ ಸಿಗುತ್ತವೆ?
– ಓದುಗರು, ಕೌಲ್ ಬಜಾರ್, ಬಳ್ಳಾರಿ

ಉತ್ತರ: ಬಲಗಡೆಯದು ಸಡಿಲವಾಗುತ್ತದೆ, ಎಡಗಡೆಯದು ಆಗುವುದಿಲ್ಲ ಎಂದು ಬರೆದಿದ್ದೀರಿ. ಕಳೆದಿರುವ ವಾಷರ್ ಯಾವುದೆಂದು ಅಷ್ಟರಿಂದಲೇ ಹೇಳಬಹುದು.

ನಿಮ್ಮದು ಕ್ಲಿಕ್ ಇಲ್ಲದ, ಬರೀ ಘರ್ಷಣೆಯಿಂದ ನಿಲ್ಲುವ ಲಿವರ್. ಹಿಂಬದಿ ಚೈನನ್ನು ಅತ್ತಿತ್ತ ಸರಿಸುವ ಡಿರೇಲರ್‌ನಲ್ಲಿ ಒಂದು ಸ್ಪ್ರಿಂಗ್ ಇದೆ. ಅದು ಕೇಬಲನ್ನು ಸದಾ ಸಣ್ಣ ಸ್ಪ್ರಾಕೆಟ್ ಕಡೆಗೆ ಎಳೆಯುತ್ತಿರುತ್ತದೆ. ಆ ಎಳೆತವನ್ನು ತಡೆದು ಲಿವರನ್ನು ಇಟ್ಟಲ್ಲೇ ನಿಲ್ಲಿಸುವುದು ವಾಷರ್‌ಗಳ ನಡುವಿನ ಒತ್ತಡವೊಂದೇ.

ಫ್ರೇಮಿಗೆ ಬೆಸೆದಿರುವ ಗೂಟದಿಂದ ಹೊರಗೆ ಬರುತ್ತ ಜೋಡಣೆ ಸಾಮಾನ್ಯವಾಗಿ ಹೀಗಿರುತ್ತದೆ. ಮೊದಲು ಗೂಟದ ಬುಡದಲ್ಲಿ ಕೂರುವ ತೆಳು ತಗಡು. ಗೂಟದ ಬುಡ ಚೌಕವಾಗಿರುವುದರಿಂದ ಇದರ ತೂತೂ ಚೌಕ. ಲಿವರ್ ಮಿತಿ ಮೀರಿ ಮುಂದೆ ತಿರುಗದಂತೆ ತಡೆಯುವುದು ಇದರ ಕೆಲಸ. ಅದರ ಮೇಲೆ ಲಿವರ್. ಲಿವರಿನ ಹೊರಮುಖದ ತಗ್ಗಿನಲ್ಲಿ ನೈಲಾನ್ ಅಥವಾ ಫೈಬರ್ ವಾಷರ್. ಅದರ ಮೇಲೆ ಲೋಹದ ಇನ್ನೊಂದು ವಾಷರ್. ಇದರ ತೂತು ದುಂಡಗಿರುವುದಿಲ್ಲ, ಎರಡು ಬದಿ ಚಪ್ಪಟೆ ಇರುತ್ತದೆ ಅಥವಾ ಒಳಕ್ಕೆ ಚಾಚಿದ ಸಣ್ಣ ನಾಲಿಗೆ ಇರುತ್ತದೆ. ಅದು ಗೂಟದ ತುದಿಯ ಚಪ್ಪಟೆಗೆ ಅಥವಾ ಸೀಳಿಗೆ ಸಿಕ್ಕಿಕೊಂಡು ತಿರುಗದೆ ನಿಲ್ಲುತ್ತದೆ. ಕೊನೆಗೆ ಕೈಯಿಂದ ಬಿಗಿ ಮಾಡುವ ಉಂಗುರವಿರುವ ಬೋಲ್ಟ್. ಕೆಲವು ಕಂಪನಿಯವರು ಇವುಗಳ ನಡುವೆ ಬಾಗಿದ ಸ್ಪ್ರಿಂಗ್ ವಾಷರನ್ನೂ ಸೇರಿಸುತ್ತಾರೆ.

ನಿಮ್ಮಲ್ಲಿ ಇಲ್ಲದಿರುವುದು ಆ ತಿರುಗದ ಲೋಹದ ವಾಷರ್. ಅದರ ಜಾಗದಲ್ಲಿ ದುಂಡು ತೂತಿನ ವಾಷರ್ ಹಾಕಿದರೆ ಲಿವರ್ ಜೊತೆ ಅದೂ ತಿರುಗುತ್ತದೆ, ತನ್ನ ಜೊತೆ ಬೋಲ್ಟನ್ನೂ ತಿರುಗಿಸುತ್ತದೆ. ಬಲಬದಿಯಿಂದ ನಿಂತು ನೋಡಿದರೆ, ಲಿವರನ್ನು ಹಿಂದಕ್ಕೆ ಎಳೆಯುವುದು ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕು, ಅಂದರೆ ಬೋಲ್ಟ್ ಬಿಚ್ಚುವ ದಿಕ್ಕು. ದೊಡ್ಡ ಸ್ಪ್ರಾಕೆಟ್‌ಗೆ ಏರಿಸಿದಾಗಲೆಲ್ಲ ಬೋಲ್ಟ್ ಸ್ವಲ್ಪ ಸ್ವಲ್ಪ ಬಿಚ್ಚಿಕೊಳ್ಳುತ್ತದೆ. ಎಡಬದಿಯಲ್ಲಿ ಅದೇ ಎಳೆತ ಬೋಲ್ಟನ್ನು ಬಿಗಿ ಮಾಡುತ್ತದೆ. ಹಾಗಾಗಿ ಎಡಗಡೆಯೂ ವಾಷರ್ ಇಲ್ಲದಿರಬಹುದು. ಅಲ್ಲಿ ತೊಂದರೆ ಕಾಣುವುದು ಲಿವರ್ ಬರಬರುತ್ತ ಗಟ್ಟಿಯಾಗುವ ರೂಪದಲ್ಲಿ.

ಮೊದಲು ಎಡಗಡೆಯದನ್ನು ಬಿಚ್ಚಿ. ಕೆಳಗೆ ಬಿಳಿ ಬಟ್ಟೆ ಹಾಸಿ, ಪ್ರತಿ ಭಾಗ ತೆಗೆದಾಗಲೂ ಮೊಬೈಲಿನಲ್ಲಿ ಫೋಟೊ ತೆಗೆದು, ಬಂದ ಕ್ರಮದಲ್ಲೇ ಒಂದು ತಂತಿಗೆ ಪೋಣಿಸಿ. ಅದು ಪೂರ್ಣ ಇದ್ದರೆ ನಿಮಗೆ ಮಾದರಿ ಸಿಕ್ಕಿತು, ಹೆಚ್ಚಿನ ಲಿವರ್‌ಗಳಲ್ಲಿ ಎರಡೂ ಬದಿಯ ವಾಷರ್ ಒಂದೇ. ಆದರೆ ಲಿವರ್ ಎಳೆದಾಗ ಸಣ್ಣಗೆ ಟಿಕ್ ಟಿಕ್ ಸದ್ದು ಬಂದರೆ ಎಚ್ಚರ. ಅದು ಸನ್‌ಟೂರ್ ಕಂಪನಿ ಪ್ರಸಿದ್ಧಿಗೆ ತಂದ ರ್‍ಯಾಚೆಟ್ ಮಾದರಿ. ಒಳಗೆ ಸಣ್ಣ ಹಲ್ಲುಗಳೂ ಪುಟ್ಟ ಸ್ಪ್ರಿಂಗೂ ಇರುತ್ತವೆ, ಎಡದ ಭಾಗ ಬಲಕ್ಕೆ ಆಗುವುದಿಲ್ಲ.

ಲೋಹದ ವಾಷರ್ ಮಾಡುವ ಬಗೆ: 1 ಮಿ.ಮೀ. ದಪ್ಪದ ಹಿತ್ತಾಳೆ ಅಥವಾ ಉಕ್ಕಿನ ತಗಡು ಸಾಕು. ಮೊದಲು ದುಂಡಗೆ ಕತ್ತರಿಸಿಕೊಂಡು ಆಮೇಲೆ ತೂತು ಕೊರೆಯುವವರೇ ಹೆಚ್ಚು. ಅಷ್ಟು ಸಣ್ಣ ಬಿಲ್ಲೆಯನ್ನು ಹಿಡಿಯಲಿಕ್ಕಾಗದೆ ತೂತು ಓರೆಯಾಗುತ್ತದೆ. ತಗಡು ಅಗಲವಾಗಿರುವಾಗಲೇ ತೂತು ಕೊರೆದು, ಅದನ್ನು ಸಣ್ಣ ಅರದಿಂದ ಉಜ್ಜುತ್ತ ಗೂಟದ ಆಕಾರಕ್ಕೆ ತನ್ನಿ. ಎರಡು ಮೂರು ಸಲ ಉಜ್ಜಿ ಒಮ್ಮೆ ಗೂಟಕ್ಕೆ ಹಾಕಿ ನೋಡಿ. ಬೆರಳಿನಿಂದ ತಳ್ಳಿದರೆ ಕೂರಬೇಕು, ಕೂತ ಮೇಲೆ ಅಲುಗಬಾರದು. ಇಲ್ಲಿ ಸಡಿಲ ಬಿಟ್ಟರೆ ವಾಷರ್ ಅಷ್ಟೇ ಅಲುಗುತ್ತದೆ, ಬೋಲ್ಟೂ ಅಷ್ಟೇ ಅಲುಗುತ್ತದೆ, ಮಾಡಿದ ಕೆಲಸ ದಂಡ. ತೂತು ಸರಿಯಾದ ಮೇಲೆ ಹೊರಗಿನ ದುಂಡು ಕತ್ತರಿಸಿ ಅಂಚನ್ನು ನುಣುಪು ಮಾಡಿ. ಲಿವರಿನ ತಗ್ಗಿನೊಳಗೆ ಕೂರುವಷ್ಟೇ ಅಗಲ ಇರಲಿ. ಲಿವರಿನ ಅಂಚಿನ ಮೇಲೆ ಕೂತರೆ ಫೈಬರ್ ವಾಷರ್ ಮೇಲೆ ಒತ್ತಡವೇ ಬೀಳುವುದಿಲ್ಲ.

ಘರ್ಷಣೆಯ ವಾಷರ್‌ಗೆ ಪಂಪ್‌ಸೆಟ್ ಮತ್ತು ನಲ್ಲಿ ಸಾಮಾನಿನ ಅಂಗಡಿಯಲ್ಲಿ ಸಿಗುವ ಕೆಂಪು ಫೈಬರ್ ವಾಷರ್ ಒಳ್ಳೆಯದು. ಒಳಗಿನ ತೂತು ಸಣ್ಣದಿದ್ದರೆ ಉಜ್ಜಿ ದೊಡ್ಡದು ಮಾಡಿಕೊಳ್ಳಬಹುದು. 1 ಮಿ.ಮೀ. ನೈಲಾನ್ ಹಾಳೆ ಸಿಕ್ಕರೆ ಲಿವರ್ ಇನ್ನೂ ಮೆತ್ತಗೆ ಆಡುತ್ತದೆ. ದುಂಡಗೆ ಕತ್ತರಿಸಲು ನಿಮ್ಮೂರಿನಲ್ಲಿ ಒಂದು ಅನುಕೂಲವಿದೆ: ಜೀನ್ಸ್ ಹೊಲಿಯುವ ಘಟಕಗಳಿಗೆ ಬಟನ್, ರಿವೆಟ್ ಮಾರುವ ಅಂಗಡಿಗಳಲ್ಲಿ ಹಲವು ಅಳತೆಯ ತೂತು ಹೊಡೆಯುವ ಪಂಚ್‌ಗಳು ಸಿಗುತ್ತವೆ. ಜೀನ್ಸ್ ಸೊಂಟಪಟ್ಟಿಗೆ ಹಚ್ಚುವ ಲೇಬಲ್‌ನ ನಿಜವಾದ ಚರ್ಮದ ಚೂರೂ ತಾತ್ಕಾಲಿಕವಾಗಿ ಆಗುತ್ತದೆ, ಆದರೆ ಚರ್ಮ ಅದುಮಿ ತೆಳ್ಳಗಾಗುವುದರಿಂದ ಮೊದಲ ಕೆಲವು ದಿನ ಮತ್ತೆ ಮತ್ತೆ ಬಿಗಿ ಮಾಡಬೇಕು. ರಬ್ಬರ್ ಮಾತ್ರ ಬೇಡ. ಅದು ಮೊದಲು ಹಿಡಿದು ತಿರುಚಿಕೊಂಡು, ಕೈ ಬಿಟ್ಟ ಕೂಡಲೆ ಲಿವರನ್ನು ಹಿಂದಕ್ಕೆ ತಳ್ಳುತ್ತದೆ. ಚೈನು ಎರಡು ಸ್ಪ್ರಾಕೆಟ್ ನಡುವೆ ಕರಕರ ಎನ್ನುತ್ತಿರುತ್ತದೆ.

ಬೋಲ್ಟ್ ಕಳೆದಿದ್ದರೆ, ಈ ಗೂಟಗಳಲ್ಲಿ ಸಾಮಾನ್ಯವಾಗಿ 5 ಮಿ.ಮೀ. ದಪ್ಪದ, 0.8 ಮಿ.ಮೀ. ಪಿಚ್‌ನ (ಒಂದು ಸುತ್ತಿಗೆ ಒಳಗೆ ಸರಿಯುವ ಅಂತರ) ಎಳೆ ಇರುತ್ತದೆ. ಹಾರ್ಡ್‌ವೇರ್ ಅಂಗಡಿಯ ಎಂ5 ಅಲೆನ್ ಬೋಲ್ಟ್ ಅದೇ ಅಳತೆಯದು. ಉದ್ದದ ಕಡೆ ಗಮನವಿರಲಿ. ಎಲ್ಲ ವಾಷರ್ ಹಾಕಿದ ಮೇಲೆ ಕನಿಷ್ಠ ಏಳೆಂಟು ಸುತ್ತು ಒಳಗೆ ಹೋಗಬೇಕು, ಅಂದರೆ ಸುಮಾರು 6 ಮಿ.ಮೀ. ಹಿಡಿತ. ಹೆಚ್ಚು ಉದ್ದವಾದರೆ ತೂತಿನ ತಳಕ್ಕೆ ತಾಗಿ ನಿಂತುಬಿಡುತ್ತದೆ. ಬೋಲ್ಟ್ ಬಿಗಿಯಾಗಿದೆ ಅನಿಸುತ್ತದೆ, ಲಿವರ್ ಮಾತ್ರ ಸಡಿಲ. ಎಳೆಗೆ ಅಂಟುವ ದ್ರವ ಹಾಕಬೇಡಿ, ಈ ಬೋಲ್ಟನ್ನು ಆಗಾಗ ತಿರುಗಿಸಿ ಹದ ಮಾಡಲೇಬೇಕಾಗುತ್ತದೆ.

ಜೋಡಿಸುವಾಗ ಗ್ರೀಸ್ ಹಚ್ಚಬೇಕಾದದ್ದು ಲಿವರಿನ ತೂತು ತಿರುಗುವ ಗೂಟದ ಮೈಗೆ ಮಾತ್ರ, ಅದೂ ತೆಳುವಾಗಿ. ಫೈಬರ್ ವಾಷರ್‌ಗೆ ಎಣ್ಣೆ ತಾಗಿದರೆ ಹಿಡಿತ ಹೋಗುತ್ತದೆ. ತಾಗಿದ್ದರೆ ಸಾಬೂನಿನಲ್ಲಿ ತೊಳೆದು ಒಣಗಿಸಿ ಹಾಕಿ. ಕೊನೆಗೆ ಹಿಂಬದಿ ಚಕ್ರ ಎತ್ತಿ, ಚೈನನ್ನು ದೊಡ್ಡ ಸ್ಪ್ರಾಕೆಟ್‌ಗೆ ಏರಿಸಿ ಪೆಡಲ್ ತಿರುಗಿಸುತ್ತ, ಫ್ರೇಮನ್ನು ಅಂಗೈಯಿಂದ ತಟ್ಟಿ. ಲಿವರ್ ಕದಲದೆ ನಿಲ್ಲುವ ಕನಿಷ್ಠ ಬಿಗಿ ಎಷ್ಟೋ ಅಷ್ಟು ಸಾಕು. ಅಷ್ಟಕ್ಕೂ ನಿಲ್ಲದೆ ಉಂಗುರವನ್ನು ಇಕ್ಕಳದಿಂದ ಬಿಗಿ ಮಾಡುವ ಸ್ಥಿತಿ ಬಂದರೆ, ಫೈಬರ್ ವಾಷರ್ ಇನ್ನೂ ದಪ್ಪದ್ದು ಬೇಕು ಎಂದರ್ಥ.

ಪ್ರಶ್ನೆ: ನಮ್ಮಲ್ಲಿ ಮೂರು ಗೇರಿನ ಹಳೆಯ ಇಂಗ್ಲಿಷ್ ಸೈಕಲ್ ಇದೆ. ಹಿಂಬದಿ ಹಬ್ ಮೇಲೆ ‘ಸ್ಟರ್ಮಿ ಆರ್ಚರ್ ಎಡಬ್ಲ್ಯು’ ಎಂದಿದೆ. ಹ್ಯಾಂಡಲ್ ಮೇಲಿದ್ದ ಗೇರ್ ಲಿವರ್ ಇಲ್ಲ, ಕೇಬಲ್ಲೂ ಇಲ್ಲ. ಆಕ್ಸಲ್‌ನಿಂದ ಹೊರಗೆ ಬಂದ ಸಣ್ಣ ಚೈನ್ ಮಾತ್ರ ನೇತಾಡುತ್ತಿದೆ. ಪೆಡಲ್ ಯಾವಾಗಲೂ ಭಾರ. ಹಬ್ ಕೆಟ್ಟಿದೆಯೇ?
– ಓದುಗರು, ಸಿಂಧನೂರು, ರಾಯಚೂರು ಜಿಲ್ಲೆ

ಉತ್ತರ: ಹಬ್ ಕೆಟ್ಟಿರಲಿಕ್ಕಿಲ್ಲ. 1936ರಿಂದ ಬಂದ ಈ ಎಡಬ್ಲ್ಯು ಹಬ್‌ನಲ್ಲಿ ಕೇಬಲ್ ಎಳೆತ ಇಲ್ಲದಿದ್ದರೆ ಒಳಗಿನ ಸ್ಪ್ರಿಂಗ್ ಅದನ್ನು ಮೂರನೇ ಗೇರಿಗೆ, ಅಂದರೆ ಅತಿ ಭಾರದ ಗೇರಿಗೆ ತಳ್ಳಿಬಿಡುತ್ತದೆ. ಎರಡನೆಯದು ನೇರ ಗೇರ್, ಮೂರನೆಯದು ಅದಕ್ಕಿಂತ ಮೂರನೇ ಒಂದು ಪಾಲು ಹೆಚ್ಚು, ಮೊದಲನೆಯದು ಕಾಲು ಪಾಲು ಕಡಿಮೆ. ಮುಂದೆ 46, ಹಿಂದೆ 19 ಹಲ್ಲು ಇದ್ದರೆ ಪೆಡಲಿನ ಒಂದು ಸುತ್ತಿಗೆ ಚಕ್ರ ಎರಡನೇ ಗೇರಿನಲ್ಲಿ 2.42, ಮೂರನೆಯದರಲ್ಲಿ 3.23, ಮೊದಲನೆಯದರಲ್ಲಿ 1.82 ಸುತ್ತು ತಿರುಗುತ್ತದೆ. ಎದುರುಗಾಳಿಗೆ 3.23ರಲ್ಲಿ ತುಳಿಯುವುದು ಯಾರಿಗಾದರೂ ಕಷ್ಟ. ಹಬ್‌ನ ಚಿಪ್ಪಿನ ಮೇಲೆ ತಯಾರಾದ ವರ್ಷದ ಕೊನೆಯ ಎರಡು ಅಂಕಿಯನ್ನು ಒತ್ತಿರುತ್ತಾರೆ, ಒರೆಸಿ ನೋಡಿ. 58 ಎಂದಿದ್ದರೆ 1958.

ಲಿವರ್ ಹುಡುಕುವ ಮೊದಲು ಹಬ್‌ಗೆ ಎಣ್ಣೆ ಕೊಡಿ. ಚಿಪ್ಪಿನ ಮೇಲೆ ಸಣ್ಣ ಮುಚ್ಚಳದ ತೂತು ಇರುತ್ತದೆ. ಬಹುಕಾಲ ನಿಂತ ಹಬ್‌ಗೆ ಒಂದು ಟೀ ಚಮಚ ಎಂಜಿನ್ ಆಯಿಲ್, ಆಮೇಲೆ ತಿಂಗಳಿಗೆ ಕೆಲವು ಹನಿ. ಕೊಬ್ಬರಿ ಎಣ್ಣೆ, ಶೇಂಗಾ ಎಣ್ಣೆ ಹಾಕಿದರೆ ಅಂಟಾಗಿ ಒಳಗಿನ ಸಣ್ಣ ಪಾಲ್‌ಗಳು (ಹಲ್ಲಿಗೆ ಸಿಕ್ಕಿಕೊಳ್ಳುವ ಕೊಕ್ಕೆಗಳು) ಮೇಲೇಳುವುದಿಲ್ಲ. ಮುಚ್ಚಳ ಕಳೆದಿದ್ದರೆ ಹಳೆಯ ಟ್ಯೂಬಿನ ಪಟ್ಟಿಯನ್ನು ಚಿಪ್ಪಿನ ಸುತ್ತ ಬಿಗಿಯಾಗಿ ಸುತ್ತಿ ಕೇಬಲ್ ಟೈ ಹಾಕಿ. ತೂತು ತೆರೆದಿದ್ದರೆ ದೂಳು ನೇರ ಗೇರುಗಳಿಗೇ ಹೋಗುತ್ತದೆ.

ಇನ್ನು ಆ ಸಣ್ಣ ಚೈನ್. ಅದರ ಕಡ್ಡಿಯನ್ನು ಆಕ್ಸಲ್ ಒಳಗೆ ಬೆರಳಿನಿಂದಲೇ ಪೂರ್ತಿ ತಿರುಗಿಸಿ ಕೂರಿಸಿ, ಆಮೇಲೆ ಕೇಬಲ್ ದಿಕ್ಕಿಗೆ ಸರಿಯಾಗಿ ತಿರುಗುವಷ್ಟು, ಅರ್ಧ ಸುತ್ತಿಗಿಂತ ಹೆಚ್ಚಾಗದಂತೆ, ಹಿಂದಕ್ಕೆ ತನ್ನಿ. ಇಕ್ಕಳದಿಂದ ಬಿಗಿ ಮಾಡಿದರೆ ಕಡ್ಡಿ ಒಳಗೇ ಮುರಿಯುತ್ತದೆ. ಬಲಬದಿಯ ಆಕ್ಸಲ್ ನಟ್ ಕೂಡ ವಿಶೇಷದ್ದು: ಉದ್ದವಾಗಿ, ಪಕ್ಕದಲ್ಲಿ ಕಿಟಕಿಯಂಥ ತೂತಿದ್ದು, ಚೈನ್ ಬಾಗುವ ಬಾಯಿ ನಯವಾಗಿ ದುಂಡಗಿರುತ್ತದೆ. ಆಕ್ಸಲ್‌ನ ಎಳೆ 13/32 ಇಂಚು, ಇಂಚಿಗೆ 26 ಸುತ್ತು. ಮಾಮೂಲಿ ಸೈಕಲ್ಲಿನ ನಟ್ ಇದಕ್ಕೆ ಕೂರುವುದಿಲ್ಲ, ಒತ್ತಾಯದಿಂದ ಕೂರಿಸಿದರೆ ಆಕ್ಸಲ್ಲೇ ಹಾಳು. ನಟ್ ಇಲ್ಲದಿದ್ದರೆ ಎಡಬದಿಯ ನಟ್ ಬಿಚ್ಚಿಕೊಂಡು ಹೋಗಿ ಲೇತ್ ಅಂಗಡಿಯಲ್ಲಿ ತೋರಿಸಿ, ಅದೇ ಎಳೆಯಲ್ಲಿ ಮಾಡಿಸಿ.

ಲಿವರ್ ವಿಷಯದಲ್ಲಿ ಹೊಸದನ್ನು ತರಿಸುವುದೇ ಮೇಲು. ಸ್ಟರ್ಮಿ ಆರ್ಚರ್ 2000ದಲ್ಲಿ ತೈವಾನಿನ ಸನ್‌ರೇಸ್ ಕಂಪನಿಯ ಪಾಲಾಯಿತು. ಮೂರು ಗೇರಿನ ಲಿವರ್‌ಗಳು ಈಗಲೂ ತಯಾರಾಗುತ್ತವೆ, ಹಳೆಯ ಎಡಬ್ಲ್ಯು ಹಬ್‌ಗೆ ಅವು ಹೊಂದುತ್ತವೆ. ಆನ್‌ಲೈನಿನಲ್ಲಿ ಕೊಳ್ಳುವಾಗ ಮೂರು ಗೇರಿನದೇ ಎಂದು ಖಚಿತ ಮಾಡಿಕೊಳ್ಳಿ. ಹಳೆಯ ಲಿವರ್ ಗುಜರಿಯಲ್ಲಿ ಸಿಕ್ಕರೂ ಬಿಡಬೇಡಿ. ಅದು ಒಂದನೇ ಗೇರಿನಿಂದ ತಾನಾಗಿ ಜಾರುತ್ತಿದ್ದರೆ, ಕೇಬಲ್ ಎಳೆತ ಆ ಗೇರಿನಲ್ಲೇ ಅತಿ ಹೆಚ್ಚು ಇರುವುದರಿಂದ, ಕೊಕ್ಕೆಯ ಸ್ಪ್ರಿಂಗ್ ಸೋತಿದೆ ಅಥವಾ ಕೊಕ್ಕೆಯ ಮೂತಿ ಸವೆದಿದೆ ಎಂದು ತಿಳಿಯಬೇಕು. ಮೊದಲು ಸೀಮೆಎಣ್ಣೆಯಲ್ಲಿ ಒಂದು ರಾತ್ರಿ ನೆನೆಸಿ ತೊಳೆಯಿರಿ. ಕೊಳೆಯಿಂದಲೇ ಕೊಕ್ಕೆ ಪೂರ್ತಿ ಕೂರದಿರುವುದು ಹೆಚ್ಚು. ಸ್ಪ್ರಿಂಗ್ ಮುರಿದಿದ್ದರೆ ಅಷ್ಟೇ ದಪ್ಪದ ಸ್ಪ್ರಿಂಗ್ ಉಕ್ಕಿನ ತಂತಿ ತಂದು ಸುತ್ತಬಹುದು. ಸುತ್ತುವ ಕಡ್ಡಿ ಬೇಕಾದ ಒಳಅಳತೆಗಿಂತ ಸ್ವಲ್ಪ ಸಣ್ಣದಿರಲಿ, ಕೈ ಬಿಟ್ಟಾಗ ಸ್ಪ್ರಿಂಗ್ ಅರಳಿ ದೊಡ್ಡದಾಗುತ್ತದೆ. ತಂತಿಯನ್ನು ಕಾಯಿಸಬೇಡಿ, ಕಾಯಿಸಿದರೆ ಅದರ ಬಿಗಿಯೇ ಹೋಗುತ್ತದೆ.

ಫ್ರೇಮಿಗೆ ಬಿಗಿಯುವ ಕೇಬಲ್ ತಡೆ ಕ್ಲಿಪ್ ಇಲ್ಲದಿದ್ದರೆ ಪೈಪ್ ಕ್ಲಾಂಪಿನ ಕೆಳಗೆ ತೆಳು ರಬ್ಬರ್ ಇಟ್ಟು ಮಾಡಿಕೊಳ್ಳಬಹುದು. ಅದು ಒಂದೆರಡು ಮಿ.ಮೀ. ಜಾರಿದರೂ ಎರಡನೇ ಗೇರ್ ಕೈ ಕೊಡುತ್ತದೆ, ಚೆನ್ನಾಗಿ ಬಿಗಿಯಿರಿ.

ಹದ ಮಾಡುವ ರೀತಿ: ಲಿವರ್ ಎರಡರಲ್ಲಿಟ್ಟು ಪೆಡಲನ್ನು ಸ್ವಲ್ಪ ಮುಂದಕ್ಕೆ ತಿರುಗಿಸಿ. ಬಲನಟ್‌ನ ಕಿಟಕಿಯಲ್ಲಿ ನೋಡಿದಾಗ ಕಡ್ಡಿಯ ದಪ್ಪ ಭಾಗದ ಅಂಚು ಆಕ್ಸಲ್ ತುದಿಗೆ ಸರಿಸಮ ಇರಬೇಕು. ಚೈನ್ ತುದಿಯ ತಿರುಪು ತಿರುಗಿಸಿ ಅಲ್ಲಿಗೆ ತಂದು ಲಾಕ್ ನಟ್ ಬಿಗಿಯಿರಿ. ಮೂರರಲ್ಲಿ ಕೇಬಲ್ ತುಸು ಸಡಿಲವಾಗಬೇಕು. ಈ ಹದ ತಪ್ಪಿದರೆ ಎರಡು ಮತ್ತು ಮೂರರ ನಡುವೆ ಯಾವ ಗೇರೂ ಹಿಡಿಯದ ಜಾಗವಿದೆ. ಎದ್ದು ನಿಂತು ತುಳಿಯುವಾಗ ಅದು ಬಂದರೆ ಪೆಡಲ್ ದಿಢೀರನೆ ಕೆಳಗೆ ಬೀಳುತ್ತದೆ, ಸವಾರ ಮುಗ್ಗರಿಸುತ್ತಾರೆ. ಇದೇ ಕಾರಣಕ್ಕೆ ಕ್ಲಿಕ್ ಇಲ್ಲದ ಮಾಮೂಲಿ ಲಿವರನ್ನು ಈ ಹಬ್‌ಗೆ ಹಾಕುವುದನ್ನು ನಾವು ಒಪ್ಪುವುದಿಲ್ಲ. ಹೊಸ ಲಿವರ್ ಬರುವವರೆಗೆ ಒಂದು ತುಂಡು ಕೇಬಲನ್ನು ಮೇಲಿನ ಅಳತೆಗೆ ಎಳೆದು ಫ್ರೇಮಿನ ಕ್ಲಾಂಪಿಗೆ ಕಟ್ಟಿ, ಎರಡನೇ ಗೇರಿನಲ್ಲೇ ಓಡಿಸಿ. ಮುಂದೆ ಹಿಂಬದಿ ಸ್ಪ್ರಾಕೆಟ್ ಬದಲಿಸುವ ಪ್ರಸಂಗ ಬಂದರೆ 22 ಹಲ್ಲಿನದು ಹಾಕಿಸಿ. ಮೂರೂ ಗೇರ್ ಉಪಯೋಗಕ್ಕೆ ಬರುತ್ತವೆ.

ಪ್ರಶ್ನೆ: ಪ್ರವಾಸಿಗರಿಗೆ ಬಾಡಿಗೆ ಕೊಡುವ ಗೇರ್ ಸೈಕಲ್‌ಗಳಿವೆ. ಹ್ಯಾಂಡಲ್ ಕೆಳಗೆ ಎರಡು ಲಿವರ್ ಒತ್ತಿ ಗೇರ್ ಬದಲಿಸುವ ಮಾದರಿ. ಬೇಸಿಗೆ ಕಳೆದ ಮೇಲೆ ಕೆಲವುದರಲ್ಲಿ ಲಿವರ್ ಒತ್ತಿದರೆ ಕ್ಲಿಕ್ ಬರುವುದಿಲ್ಲ, ಸುಮ್ಮನೆ ಹೋಗಿ ಬರುತ್ತದೆ. ಎರಡರಲ್ಲಿ ಕೇಬಲ್ ಹಾಕುವ ಜಾಗದ ಪ್ಲಾಸ್ಟಿಕ್ ತಿರುಪು ಕಳೆದಿದೆ. ಬಿಚ್ಚಿ ಸ್ಪ್ರಿಂಗ್ ಬದಲಿಸಬಹುದೇ?
– ಓದುಗರು, ಆನೆಗುಂದಿ, ಕೊಪ್ಪಳ ಜಿಲ್ಲೆ

ಉತ್ತರ: ಬಿಚ್ಚಬೇಡಿ. ನಡುವಿನ ನಟ್ ತೆಗೆದರೆ ಒಳಗೆ ಸುತ್ತಿಟ್ಟ ಸ್ಪ್ರಿಂಗ್ ಬಿಚ್ಚಿಕೊಳ್ಳುತ್ತದೆ, ಒಳಭಾಗಗಳು ಬಿಡಿಯಾಗಿ ಮಾರಾಟಕ್ಕೆ ಸಿಗುವುದಿಲ್ಲ. ಅದರ ಅಗತ್ಯವೂ ಬಹುಶಃ ಇಲ್ಲ. ಕಾರ್ಖಾನೆಯಲ್ಲಿ ಹಾಕಿದ ಗ್ರೀಸ್ ವರ್ಷಗಳಾದಂತೆ, ನಿಮ್ಮ ಕಡೆಯ ಬಿಸಿಲಿಗೆ ಇನ್ನೂ ಬೇಗ, ಒಣಗಿ ಮೇಣದಂತಾಗುತ್ತದೆ. ಹಲ್ಲಿಗೆ ಸಿಕ್ಕಿಕೊಳ್ಳಬೇಕಾದ ಸಣ್ಣ ಕೊಕ್ಕೆಗಳು ಅದರಲ್ಲಿ ಅಂಟಿ ನಿಂತಿರುತ್ತವೆ. ಸ್ಪ್ರಿಂಗ್ ಸರಿಯಾಗೇ ಇರುತ್ತದೆ, ಕೊಕ್ಕೆಯನ್ನು ತಳ್ಳುವಷ್ಟು ಶಕ್ತಿ ಅದಕ್ಕೆ ಸಾಲುವುದಿಲ್ಲ.

ಕೇಬಲನ್ನು ಪೂರ್ತಿ ತೆಗೆಯಿರಿ. ಹೊರಮುಚ್ಚಳದ ಸಣ್ಣ ತಿರುಪುಗಳನ್ನು ಮಾತ್ರ ಬಿಚ್ಚಿ. ಸಿರಿಂಜಿನಲ್ಲಿ 5ರಿಂದ 10 ಮಿ.ಲೀ. ಸೀಮೆಎಣ್ಣೆ ಅಥವಾ ಡಬ್ಲ್ಯುಡಿ-40 ಒಳಗೆ ಬಿಟ್ಟು, ಎರಡೂ ಲಿವರನ್ನು ನಲವತ್ತು ಐವತ್ತು ಸಲ ಒತ್ತಿ. ಕಂದು ಕೊಳೆ ಇಳಿಯುತ್ತದೆ. ಇಳಿಯುವ ದ್ರವ ತಿಳಿಯಾಗುವವರೆಗೆ ಇದನ್ನೇ ಮಾಡಿ. ಮೊದಲ ಸಲಕ್ಕೇ ಕ್ಲಿಕ್ ಬಂತೆಂದು ನಿಲ್ಲಿಸಿದರೆ ಉಳಿದ ಮೇಣ ಮತ್ತೆ ಗಟ್ಟಿಯಾಗಿ ಕೆಲವೇ ದಿನದಲ್ಲಿ ಅದೇ ಕಥೆ. ನೆರಳಲ್ಲಿ ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆ ಎರಡು ಮೂರು ಹನಿ ಕೊಕ್ಕೆಗಳ ಬುಡಕ್ಕೆ ಬಿಡಿ. ಗ್ರೀಸ್ ತುಂಬಬೇಡಿ. ಪೇಂಟ್ ಥಿನ್ನರ್ ಬಳಸಲೇಬೇಡಿ, ಪ್ಲಾಸ್ಟಿಕ್ ಕರಗಿ ಬಿರುಕು ಬಿಡುತ್ತದೆ.

ತೊಳೆದ ಮೇಲೂ ಕ್ಲಿಕ್ ಬರದಿದ್ದರೆ, ಅಥವಾ ಒಂದು ಗೇರ್ ಮಾತ್ರ ಪ್ರತಿಸಲ ತಪ್ಪುತ್ತಿದ್ದರೆ, ಒಳಗಿನ ಹಲ್ಲು ಮುರಿದಿದೆ. ಅದು ರಿಪೇರಿ ಆಗುವ ಭಾಗವಲ್ಲ.

ಕಳೆದ ಪ್ಲಾಸ್ಟಿಕ್ ತಿರುಪನ್ನು ಹಗುರವಾಗಿ ನೋಡಬೇಡಿ. ದೂಳು ಒಳಗೆ ಹೋಗುವ ದಾರಿ ಅದೇ. ಉಳಿದ ಸೈಕಲ್ಲಿನಿಂದ ಒಂದನ್ನು ಬಿಚ್ಚಿ ತೋರಿಸಿ, ಅದೇ ಎಳೆಯ ನೈಲಾನ್ ಬೋಲ್ಟನ್ನು ಗಿಡ್ಡ ಕತ್ತರಿಸಿ ಹಾಕಿ, ಬಿಗಿ ಬೇಡ. ಒಳಗೆ ಕೇಬಲ್ ತಲೆಗೆ ತಾಗುವಷ್ಟು ಉದ್ದ ಇರಬಾರದು. ಬದಲಿಸಲೇಬೇಕಾದ ಸೈಕಲ್‌ಗಳಿಗೆ, ಬಾಡಿಗೆ ಬಳಕೆಗೆ, ಹ್ಯಾಂಡಲ್ ಮೇಲೆ ಕೂರುವ ಒಂದೇ ಲಿವರಿನ ಹೆಬ್ಬೆರಳ ಗೇರ್ ಹಾಕಿಸುವುದು ನಮ್ಮ ಸಲಹೆ. ಸಾಮಾನ್ಯ ಹ್ಯಾಂಡಲ್ ದಪ್ಪ 22.2 ಮಿ.ಮೀ.; ಅದಕ್ಕೆ ನೇರ ಕೂರುತ್ತದೆ, ಹೊಸಬರಿಗೆ ಕಲಿಸುವುದೂ ಸುಲಭ.

ಪ್ರಶ್ನೆ: ಏಳು ಸ್ಪ್ರಾಕೆಟ್‌ನ ಫ್ರೀವೀಲ್‌ಗೆ (ಹಿಂಬದಿ ಸ್ಪ್ರಾಕೆಟ್‌ಗಳ ಗೊಂಚಲಿಗೆ) ಆರು ಕ್ಲಿಕ್ಕಿನ ಹಳೆಯ ಶಿಮಾನೊ ಲಿವರ್ ಹಾಕಬಹುದೇ? ಒಂದು ಗೇರ್ ಬಿಟ್ಟರೂ ನಡೆಯುತ್ತದೆ.
– ಓದುಗರು, ಸಂಡೂರು, ಬಳ್ಳಾರಿ ಜಿಲ್ಲೆ

ಉತ್ತರ: ಒಂದು ಗೇರ್ ಬಿಟ್ಟರೆ ಮುಗಿಯುವುದಿಲ್ಲ. ಆರರ ಫ್ರೀವೀಲ್‌ನಲ್ಲಿ ಒಂದು ಸ್ಪ್ರಾಕೆಟ್‌ನಿಂದ ಮುಂದಿನದಕ್ಕೆ 5.5 ಮಿ.ಮೀ., ಏಳರದರಲ್ಲಿ 5 ಮಿ.ಮೀ. ಪ್ರತಿ ಕ್ಲಿಕ್ಕಿಗೆ ಅರ್ಧ ಮಿ.ಮೀ. ಹೆಚ್ಚು ಸರಿಯುತ್ತ ಐದನೇ ಕ್ಲಿಕ್ಕಿಗೆ 2.5 ಮಿ.ಮೀ. ತಪ್ಪಿರುತ್ತದೆ, ಚೈನು ಎರಡು ಸ್ಪ್ರಾಕೆಟ್‌ಗಳ ನಟ್ಟನಡುವೆ. ನಡುವಿನ ಗೇರಿಗೆ ಹದ ಮಾಡಿದರೆ ನಡುವಿನ ಎರಡು ಮೂರು ಸರಿ ಬಂದು ತುದಿಯವು ಕೆಡುತ್ತವೆ. ನಿಮ್ಮ ಲಿವರಿನಲ್ಲಿ ಕ್ಲಿಕ್ ತೆಗೆದು ಘರ್ಷಣೆಗೆ ಬದಲಿಸುವ ಗುಂಡಿ ಇದೆಯೇ ನೋಡಿ. 1980ರ ದಶಕದ ಕೊನೆಯ ಎಷ್ಟೋ ಹೆಬ್ಬೆರಳ ಲಿವರ್‌ಗಳಲ್ಲಿ ಇದೆ. ಅದಕ್ಕೆ ತಿರುಗಿಸಿದರೆ ಏಳಕ್ಕೂ ಸಾಕು. ಇಲ್ಲದಿದ್ದರೆ ಏಳರ ಲಿವರ್ ಕೊಳ್ಳಿ.

ಪ್ರಶ್ನೆ: ಲಿವರಿನ ತುಕ್ಕು, ಕಪ್ಪು ತೆಗೆಯಲು ಏನು ಹಚ್ಚಬೇಕು?
– ಓದುಗರು, ಗಂಗಾವತಿ

ಉತ್ತರ: ಆಯಸ್ಕಾಂತ ಹಿಡಿದು ನೋಡಿ. ಅಂಟಿದರೆ ಕ್ರೋಮ್ ಹಚ್ಚಿದ ಉಕ್ಕು: ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲನ್ನು ಮುದುಡಿ, ನೀರಲ್ಲಿ ಅದ್ದಿ ಉಜ್ಜಿ. ಅಂಟದಿದ್ದರೆ ಅಲ್ಯೂಮಿನಿಯಂ: ಸಾಬೂನು, ಆಮೇಲೆ ಲೋಹದ ಪಾಲಿಶ್. ವಾಷಿಂಗ್ ಸೋಡಾದಲ್ಲಿ ನೆನೆಸಿದರೆ ಅಲ್ಯೂಮಿನಿಯಂ ಕಪ್ಪಾಗುತ್ತದೆ.

ಪ್ರಶ್ನೆ: ಹಳೆಯ ಗೇರ್ ಸೈಕಲ್ಲಿಗೆ ಹೊಸ ಕ್ಲಿಕ್ ಲಿವರ್ ಹಾಕಿಸಿದೆ. ಗೇರ್ ಕೇಬಲ್ ಇಲ್ಲವೆಂದು ಅಂಗಡಿಯಲ್ಲಿ ಬ್ರೇಕ್ ಕೇಬಲ್ ಹಾಕಿದ್ದಾರೆ. ತಲೆ ಕೂರದ್ದಕ್ಕೆ ಸುತ್ತಿಗೆಯಿಂದ ಬಡಿದು ಕೂರಿಸಿದರು. ಏರುವಾಗ ಒಂದು ಗೇರ್ ತಡವಾಗಿ ಬರುತ್ತದೆ, ಹ್ಯಾಂಡಲ್ ತಿರುಗಿಸಿದರೆ ತಾನಾಗೇ ಬದಲಾಗುತ್ತದೆ.
– ಓದುಗರು, ಲಿಂಗಸುಗೂರು, ರಾಯಚೂರು ಜಿಲ್ಲೆ

ಉತ್ತರ: ಹ್ಯಾಂಡಲ್ ತಿರುಗಿಸಿದಾಗ ಬದಲಾಗುವುದಕ್ಕೆ ಕಾರಣ ಔಟರ್, ಅಂದರೆ ಕೇಬಲಿನ ಹೊರಕವಚ. ಬ್ರೇಕ್ ಔಟರ್ ಒಳಗೆ ಉಕ್ಕಿನ ಪಟ್ಟಿಯನ್ನು ಸುರುಳಿಯಾಗಿ ಸುತ್ತಿರುತ್ತಾರೆ. ಬಾಗಿದಾಗ, ಒತ್ತಿದಾಗ ಅದರ ಉದ್ದ ಸ್ವಲ್ಪ ಬದಲಾಗುತ್ತದೆ. ಗೇರ್ ಔಟರ್ ಒಳಗಿನ ತಂತಿಗಳು ಉದ್ದಕ್ಕೆ ಹಾಯುತ್ತವೆ, ಹಾಗಾಗಿ ಉದ್ದ ಬದಲಾಗದು. ಏಳು ಸ್ಪ್ರಾಕೆಟ್‌ನ ಶಿಮಾನೊ ಗೇರಿನಲ್ಲಿ ಒಂದು ಕ್ಲಿಕ್ಕಿಗೆ ಕೇಬಲ್ ಚಲಿಸುವುದು 3 ಮಿ.ಮೀ.ಗಿಂತ ತುಸು ಕಡಿಮೆ. ಔಟರ್ ಕುಗ್ಗಿ 1 ಮಿ.ಮೀ. ನುಂಗಿದರೆ ಮೂರನೇ ಒಂದು ಪಾಲು ಹೋಯಿತು. ಬ್ರೇಕಿಗೆ ಇದು ಗೊತ್ತೇ ಆಗುವುದಿಲ್ಲ, ಕ್ಲಿಕ್ ಇಲ್ಲದ ಲಿವರಿಗೂ ಕೈಯಿಂದ ಸರಿಪಡಿಸಿಕೊಳ್ಳಬಹುದು. ಕ್ಲಿಕ್ ಲಿವರಿಗೆ ಇದು ಆಗದು.

ಬೇಕಾದದ್ದು 4 ಮಿ.ಮೀ. ಗೇರ್ ಔಟರ್, 1.2 ಮಿ.ಮೀ. ಇನ್ನರ್ (ಒಳಗಿನ ತಂತಿ). ಬ್ರೇಕಿನದು 5 ಮಿ.ಮೀ. ಔಟರ್, 1.5 ಅಥವಾ 1.6 ಮಿ.ಮೀ. ಇನ್ನರ್ ಇರುತ್ತದೆ, ತಲೆಯೂ ದೊಡ್ಡದು. ಗೇರ್ ಇನ್ನರ್‌ನ ತಲೆ ಸುಮಾರು 4.5 ಮಿ.ಮೀ. ದಪ್ಪದ ಸಣ್ಣ ಉರುಳೆ. ಕೆಲವು ಹಳೆಯ ಯುರೋಪಿನ ಲಿವರ್‌ಗಳಲ್ಲಿ ಅದೂ ತುಸು ಬಿಗಿ. ಆಗ ತಲೆಯನ್ನು ಅರದ ಮೇಲೆ ಉರುಳಿಸುತ್ತ ಉಜ್ಜಿ, ಬೆರಳಿನಿಂದ ತಳ್ಳಿದರೆ ಕೂರುವಂತೆ ಮಾಡಿ. ಈಗ ಬಡಿದು ಕೂರಿಸಿದ ತಲೆಯನ್ನು ಮುಂದಿನ ಸಲ ಕೇಬಲ್ ತುಂಡಾಗುವ ಮೊದಲೇ ಹಿಂಬದಿಯಿಂದ ಸಣ್ಣ ಮೊಳೆಯಿಂದ ತಟ್ಟಿ ಹೊರತೆಗೆಯಿರಿ. ತಂತಿ ತುಂಡಾದ ಮೇಲೆ ಎಳೆಯಲು ಏನೂ ಇರುವುದಿಲ್ಲ.

ಔಟರ್ ಕತ್ತರಿಸಿದ ಮೇಲೆ ತುದಿಯನ್ನು ಅರದಿಂದ ಸಮತಟ್ಟು ಮಾಡಿ, ಒಳಗಿನ ಪ್ಲಾಸ್ಟಿಕ್ ಕೊಳವೆ ಚಪ್ಪಟೆಯಾಗಿದ್ದರೆ ದಬ್ಬಣದಿಂದ ಅಗಲಿಸಿ, ತುದಿಟೋಪಿ ಹಾಕಿ. ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿದಾಗ ಔಟರ್ ಬಿಗಿದುಕೊಳ್ಳಬಾರದು, ಅಷ್ಟು ಉದ್ದ ಬಿಡಿ.

ಇದರ ತಿರುವುಮುರುವನ್ನು ಮಾತ್ರ ಯಾವತ್ತೂ ಮಾಡಿಸಬೇಡಿ: ಬ್ರೇಕ್ ಔಟರ್ ಮುಗಿದಿದೆ ಎಂದು ಬ್ರೇಕಿಗೆ ಗೇರ್ ಔಟರ್ ಹಾಕಿದರೆ, ಜೋರಾಗಿ ಬ್ರೇಕ್ ಒತ್ತಿದಾಗ ಅದರ ಉದ್ದತಂತಿಗಳು ಸೀಳಿ ಹೊರಬರುತ್ತವೆ, ಬ್ರೇಕ್ ಹೋಗುತ್ತದೆ. ನಿಮ್ಮ ಸೈಕಲ್ಲಿನಲ್ಲಿ ಬ್ರೇಕಿನ ಕೇಬಲನ್ನೂ ಅದೇ ದಿನ ಹಾಕಿಸಿದ್ದರೆ, ಔಟರಿನ ಕತ್ತರಿಸಿದ ತುದಿಯನ್ನು ಇಂದೇ ನೋಡಿ. ಸುರುಳಿ ಕಂಡರೆ ಸರಿ. ದುಂಡಗೆ ನಿಂತ ಸಣ್ಣ ತಂತಿಗಳ ತುದಿಗಳು ಕಂಡರೆ ಸೈಕಲ್ ಓಡಿಸುವ ಮೊದಲು ಬದಲಿಸಿ.